ಮೂರನೆಯ ಸಲ ಹೆಣೆದ ಕುರ್ಚಿ

ಮಾಲ್ಡೀವ್ಸಿನ ಆ ಪುಟ್ಟ ದ್ವೀಪದ ಶಾಲೆಯಲ್ಲಿ ಅಪ್ಪ ಅಮ್ಮ ಬೇರೆಯಾಗುವುದು ಮಕ್ಕಳ ಹಲ್ಲು ಬೀಳುವಷ್ಟೇ ಸಾಮಾನ್ಯ. ಲೀಶಾಳ ತರಗತಿಯ ಅರ್ಧಕ್ಕರ್ಧ ಹುಡುಗಿಯರಿಗೆ ಎರಡೆರಡು ಮನೆ. ಪಕ್ಕದಲ್ಲಿ ಕೂರುವ ಶೈಮಾಳಂತೂ ಈ ವಿಷಯದಲ್ಲಿ ಪಳಗಿದವಳು. ಈದ್ ಬಂದರೆ ಸ್ವಂತ ಅಪ್ಪನಿಂದ ಒಂದು, ಮಲತಂದೆಯಿಂದ ಒಂದು ಹೊಸ ಬಟ್ಟೆ ವಸೂಲಿ ಮಾಡುತ್ತಿದ್ದಳು. ಲೆಕ್ಕದ ಪುಸ್ತಕ ಮಾತ್ರ ಯಾವಾಗ ಕೇಳಿದರೂ ಇನ್ನೊಂದು ಮನೆಯಲ್ಲಿ ಇರುತ್ತಿತ್ತು.

ಲೀಶಾಳಿಗೆ ಆ ಗೊಡವೆ ಇರಲಿಲ್ಲ. ಅವಳ ಅಪ್ಪ, ಅಂದರೆ ಬಪ್ಪಾ, ಹಿಂದೆ ಎರಡು ಸಲ ಮಮ್ಮಾನಿಗೆ ತಲಾಕ್ ಕೊಟ್ಟು ಅಜ್ಜಿಯ ಮನೆ ಸೇರಿದ್ದ, ಎರಡು ಸಲವೂ ವಾಪಸ್ಸು ಬಂದಿದ್ದ. ಕೈಯಲ್ಲೊಂದು ದಪ್ಪ ಮೀನು, ಮುಖದಲ್ಲಿ ಏನೂ ಆಗೇ ಇಲ್ಲವೆನ್ನುವ ನಗು. ಅವನಿಲ್ಲದಾಗ ಅಂಗಳದಲ್ಲಿದ್ದ ಅವನ ಕುರ್ಚಿಯ ಹರಿದ ಹಗ್ಗದ ಬಲೆಯನ್ನು ಹೊಸದಾಗಿ ಹೆಣೆದಿಡುವುದು ಲೀಶಾಳ ಕೆಲಸ. ಕುರ್ಚಿ ಸಿದ್ಧವಾದರೆ ಬಪ್ಪಾ ಬಂದೇ ಬರುತ್ತಾನೆಂದು ನಂಬಿದ್ದಳು. ಈಗ ಅವನು ಮತ್ತೆ ಹೋಗಿದ್ದ, ಈ ಸಲವೂ ಹೆಣೆಯುತ್ತಿದ್ದಳು. ಮೀನಿನ ಸುಳಿವೇ ಇರಲಿಲ್ಲ.

"ಯಾಕೇ ಇಷ್ಟು ತಡ?" ಎಂದು ಶೈಮಾಳನ್ನೇ ಕೇಳಿದಳು.

"ಇದು ಎಷ್ಟನೇ ಸಲ?"

"ಮೂರನೇದು."

ಸದಾ ವಟಗುಟ್ಟುವ ಶೈಮಾ ಚೀಲದೊಳಗೆ ಏನನ್ನೋ ಹುಡುಕತೊಡಗಿದಳು. ಲೀಶಾಳಿಗೆ ಕುತೂಹಲ ತಡೆಯಲಾಗಲಿಲ್ಲ. "ಹೇಳೇ, ಏನಾಯ್ತು?"

"ದಡ್ಡಿ, ಮೂರು ತಲಾಕ್ ಆದ್ಮೇಲೆ ಮೀನು ತಂದ್ರೂ ಆಗಲ್ಲ, ತಿಮಿಂಗಿಲ ತಂದ್ರೂ ಆಗಲ್ಲ. ನಿಮ್ಮಮ್ಮ ಬೇರೆಯವ್ರನ್ನ ಮದ್ವೆಯಾಗಿ, ಅದೂ ಮುರಿದುಬಿದ್ರೆ ಮಾತ್ರ ನಿಮ್ಮಪ್ಪನ್ನ ಮತ್ತೆ ಕಟ್ಕೋಬಹುದು."

ಲೀಶಾ ಅಳಲಿಲ್ಲ. ದಾರಿಯೊಂದು ಇದೆಯಲ್ಲ ಎಂದು ಸಂಜೆಯವರೆಗೂ ದ್ವೀಪದ ಗಂಡಸರನ್ನೆಲ್ಲ ಅಳೆದು ನೋಡಿದಳು. ಚಹಾದಂಗಡಿಯವನು ಸಿಡುಕ, ಬೇಡ. ದೋಣಿ ರಿಪೇರಿ ಮಾಡುವವನಿಗೆ ಆಗಲೇ ಹೆಂಡತಿ ಇದ್ದಾಳೆ. ವಿಜ್ಞಾನದ ಮೇಷ್ಟ್ರು ತುಂಬ ಒಳ್ಳೆಯವರು, ಆದರೆ ಅಂಥವರು ಆಮೇಲೆ ಬಿಟ್ಟುಕೊಡಬೇಕಲ್ಲ!

ಮನೆಗೆ ಬಂದಾಗ ಮಮ್ಮಾ ಅಂಗಳ ಗುಡಿಸುತ್ತಿದ್ದಳು. ಲೀಶಾ ನೇರವಾಗಿ ಕೇಳಿಯೇಬಿಟ್ಟಳು. "ಮಮ್ಮಾ, ನೀನು ಸ್ವಲ್ಪ ದಿನಕ್ಕೆ ಯಾರನ್ನಾದ್ರೂ ಮದ್ವೆ ಆಗ್ತೀಯಾ?"

ಮಮ್ಮಾ ಪೊರಕೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ಮಗಳ ಮುಖ ನೋಡಿ ನಗು ನಿಲ್ಲಿಸಿದಳು.

"ಶೈಮಾ ಹೇಳಿದ್ಲಾ?"

"ಹೂಂ. ಬಪ್ಪಾನಿಗೆ ಇದು ಮೂರನೇದು ಅಂತ ಮರೆತುಹೋಗಿತ್ತಾ?"

"ಇಲ್ಲ ಮಗಾ. ಮೂರನೇದನ್ನ ನಾನೇ ಕೇಳಿದ್ದು."

ಬಪ್ಪಾ ಹೋಗುವವನು, ಮಮ್ಮಾ ಕಾಯುವವಳು ಎಂದಷ್ಟೇ ಲೀಶಾಳಿಗೆ ಗೊತ್ತಿತ್ತು. "ಯಾಕೆ ಕೇಳ್ದೆ?"

"ಪ್ರತಿ ಸಲ ಬರ್ತಾನೋ ಇಲ್ವೋ ಅಂತ ಬಾಗಿಲು ನೋಡ್ತಾ ಕೂತು ಸಾಕಾಗಿತ್ತು. ನಿನ್ನನ್ನೂ ಕೂರಿಸ್ತಿದ್ದೆ. ನಿನ್ನ ಬೆರಳು ನೋಡ್ಕೋ."

ಹಗ್ಗ ಎಳೆದೆಳೆದು ಬೆರಳ ತುದಿ ಕೆಂಪಾಗಿ ಸುಲಿದಿತ್ತು. ಲೀಶಾಳಿಗೆ ಮಮ್ಮಾನ ಮೇಲೆ ಕಡುಕೋಪ ಬಂತು, ಅದರ ಹಿಂದೆಯೇ ಅಳುವೂ ಬಂತು. ಹೆಣೆದದ್ದನ್ನೆಲ್ಲ ಬಿಚ್ಚಿಹಾಕಲು ಕುರ್ಚಿಯ ಬಳಿ ಹೋಗಿ ಗಂಟಿಗೆ ಕೈ ಹಾಕಿದಳು. ಮಮ್ಮಾ ತಡೆಯಲಿಲ್ಲ. ಸುಮ್ಮನೆ ಬಂದು ಆ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅವಳು ಅದರಲ್ಲಿ ಕೂತದ್ದನ್ನು ಲೀಶಾ ಕಂಡಿರಲಿಲ್ಲ. ಬಲೆ ಜಗ್ಗಿತು, ಆದರೆ ತಡೆಯಿತು.

"ಚೆನ್ನಾಗಿದ್ಯಾ?" ಲೀಶಾ ಮೂಗು ಒರೆಸಿಕೊಂಡು ಕೇಳಿದಳು.

"ಇಷ್ಟು ಹಾಯಾಗಿರುತ್ತೆ ಅಂತ ಗೊತ್ತೇ ಇರಲಿಲ್ಲ ಕಣೇ."

ಲೀಶಾ ಗಂಟಿನಿಂದ ಕೈ ತೆಗೆದಳು.

"ಮಮ್ಮಾ, ಹಗ್ಗ ಉಳಿದಿದ್ಯಾ?"

"ಇದೆ. ಯಾಕೆ?"

"ಅಜ್ಜಿ ಮನೇಲಿ ಬಪ್ಪಾ ನೆಲದ ಮೇಲೆ ಕೂರ್ತಾನೆ. ಅಲ್ಲೂ ಒಂದು ಹೆಣೀಬೇಕು. ನಾನು ಹೋದಾಗ ನಂಗೂ ಕೂರೋಕೆ ಬೇಕಲ್ಲ."