ಡಿಯರ್ ಬೋರ್ಡಿನ ಊಟ

ಹಳಿಯಾಳದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಂದಾನೆಪ್ಪ ಗಣೇಶಗುಡಿಯಲ್ಲಿ ಹೋಂಸ್ಟೇ ತೆರೆದಾಗ ಅವನಿಗಿದ್ದದ್ದು ಒಂದೇ ಚಿಂತೆ, ಬೋರ್ಡಿನದು. ಅಕ್ಕಪಕ್ಕದ ಹೋಂಸ್ಟೇಗಳೆಲ್ಲ ಇಂಗ್ಲಿಷಿನಲ್ಲೇ ಗಿರಾಕಿಗಳನ್ನು ಕರೆಯುತ್ತಿದ್ದವು. ಹೊಳೆಯಲ್ಲಿ ರಾಫ್ಟಿಂಗ್ ಮುಗಿಸಿ ಹಸಿದು ಬಂದವರು ಕನ್ನಡದ ಬೋರ್ಡು ಕಂಡರೆ ಅವರ ಹಸಿವೇ ಸತ್ತುಹೋಗುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ.

"ರೊಟ್ಟಿ, ಎಣ್ಣೆಗಾಯಿ ಸಿಗ್ತಾವ ಅಂತ ಬರಸ್ರಿ, ಸಾಕು," ಎಂದಳು ಹೆಂಡತಿ ಮಹಾದೇವಕ್ಕ.

ಅಷ್ಟು ಸುಲಭದ ಮಾತನ್ನು ಗಂಡಸರು ಕೇಳುವುದುಂಟೇ? ಅಂದಾನೆಪ್ಪ ನೆಟ್ಟಗೆ ಹಳಿಯಾಳಕ್ಕೆ ಹೋಗಿ, ಒಂದೇ ತಿಂಗಳಲ್ಲಿ ಇಂಗ್ಲಿಷ್ ಕಲಿಸುವ ಮೌನೇಶ ಸರ್ ಎದುರು ನಿಂತ. ಮೌನೇಶ ಹೆಸರಿಗಷ್ಟೇ ಮೌನಿ.

"ಗೆಸ್ಟ್ ಅಂದ್ರ ದೇವ್ರು ಇದ್ದಂಗ. ಪ್ರೀತಿಲೆ ಕರೀಬೇಕು. ಡಿಯರ್ ಅಂತ ದೊಡ್ಡದಾಗಿ ಹಾಕೂಣು!" ಎಂದು ಬರೆದುಕೊಟ್ಟ.

ಪೇಂಟರ್ ಅದನ್ನು ನೋಡಿ ಮೇಲೆ ಕೆಂಪಕ್ಷರದಲ್ಲಿ 'ಡಿಯರ್' ಎಂದೂ ಕೆಳಗೆ ಸಣ್ಣದಾಗಿ 'ಗೆಸ್ಟ್ ಮೀಲ್ಸ್ ರೆಡಿ' ಎಂದೂ ಇಂಗ್ಲಿಷಿನಲ್ಲಿ ಬರೆದ. ಆ ಭಾಷೆಯಲ್ಲಿ ಡಿಯರ್ ಎರಡಿವೆ. ನಡುವೆ 'ಇ', 'ಎ' ಬಂದರೆ ಪ್ರೀತಿಯವರು. ಎರಡೂ 'ಇ' ಬಂದರೆ ಜಿಂಕೆ. ಕಿವಿಗೆ ಎರಡೂ ಒಂದೇ. ಮೌನೇಶ ಸರ್ ಧಾರಾಳಿ, ಎರಡೂ 'ಇ' ಕೊಟ್ಟಿದ್ದ.

ಮೊದಲ ದಿನವೇ ಗಡಿಯ ರಾಮನಗರದ ಕಡೆಯಿಂದ ಗೋವಾದ ಕಾರೊಂದು ಬಂತು. ಇಳಿದವರು ಬೋರ್ಡು ನೋಡಿ, ದನಿ ತಗ್ಗಿಸಿ, "ಡಿಯರ್ ಹೈ ಕ್ಯಾ?" ಎಂದು ಕೇಳಿದರು.

ಇಂಥ ಪ್ರೀತಿಗೆ ಅಂದಾನೆಪ್ಪ ಕರಗಿಹೋದ. "ಹೈ ಹೈ! ಆಪ್ ಭೀ ಡಿಯರ್, ಹಮ್ ಭೀ ಡಿಯರ್!"

ತಟ್ಟೆಗೆ ಬದನೆಕಾಯಿ ಬಿದ್ದಾಗ ಅವರ ಮುಖ ಬಾಡಿತು. ಹೋಗುವಾಗ ಒಬ್ಬ ಬೋರ್ಡಿನ ಫೋಟೋ ತೆಗೆದ. ತನ್ನ ಬೋರ್ಡು ಪ್ರಸಿದ್ಧಿಗೆ ಬಂತೆಂದು ಅಂದಾನೆಪ್ಪ ಹಿಗ್ಗಿದ. ನಿಜವಾಗಿಯೂ ಬಂದಿತ್ತು. ಫೋಟೋ ಫೋನಿನಿಂದ ಫೋನಿಗೆ ಹಾರಿ, ಮರುದಿನ ಅರಣ್ಯ ಇಲಾಖೆಯ ಜೀಪು ಅಂಗಳಕ್ಕೇ ಬಂದು ನಿಂತಿತು.

"ಚಿಗರಿ ಮಾಂಸ ಎಲ್ಲಿ ಇಟ್ಟೀರಿ?" ಅಧಿಕಾರಿ ಗುಡುಗಿದ.

ಅಂದಾನೆಪ್ಪ ಎರಡೂ ಕೈ ಜೋಡಿಸಿದ. "ಚಿಗರಿ? ಸಾಹೇಬ್ರ, ಕೊರಳಾಗ ಲಿಂಗ ಐತ್ರಿ. ನಮ್ಮ ಮನ್ಯಾಗ ತತ್ತಿ ಸೈತ ಹೊಸ್ತಿಲ ದಾಟಿಲ್ಲ!"

"ಮತ್ತ ಬೋರ್ಡಿನ್ಯಾಗ ಜಿಂಕಿ ಊಟ ತಯಾರೈತಿ ಅಂತ ಬರದೀರಲ್ಲ?"

ಅದು ಜಿಂಕೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ನೆಲ ಬಾಯಿ ಬಿಡಬಾರದೇ ಅನಿಸಿತು. ಗಾರ್ಡುಗಳು ಫ್ರಿಜ್ಜು, ಹಿಟ್ಟಿನ ಡಬ್ಬಿ, ಕಡೆಗೆ ಉಪ್ಪಿನಕಾಯಿ ಭರಣಿಯನ್ನೂ ಜಾಲಾಡಿದರು. ಒಬ್ಬ ಎಣ್ಣೆಗಾಯಿ ಪಾತ್ರೆಯ ಮುಚ್ಚಳ ತೆಗೆದಾಗ ಮಹಾದೇವಕ್ಕ ಬಾಯಿ ಬಿಟ್ಟಳು.

"ಬದನೀಕಾಯಿಗೆ ಕೊಂಬು ಮೂಡ್ಯಾವೇನು ಸರಿಯಾಗಿ ನೋಡ್ರಿ ತಮ್ಮಾ. ಓಡಿಗೀಡಿ ಹೋದೀತು."

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ತನಿಖೆ ಪೂರ್ತಿಯಾಗಬೇಕಲ್ಲ ಎಂದು ಎಲ್ಲರೂ ಕುಳಿತು ರೊಟ್ಟಿ ತಿಂದರು. ಅವರ ಜೀಪು ತಿರುವು ದಾಟುವ ಮೊದಲೇ ಮಹಾದೇವಕ್ಕ ಬೋರ್ಡಿಗೆ ಸುಣ್ಣ ಬಳಿದಳು.

ಅಂದಾನೆಪ್ಪ ಅವಮಾನ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಹಳಿಯಾಳದ ಸಂತೆಯಲ್ಲಿ ಸಿಕ್ಕ, ಆ ಕ್ಲಾಸಿಗೆ ಹೋಗುವ ಪರಿಚಯದ ಹುಡುಗ ಜ್ಯೋತಿಬಾ, "ಮಾವಾರ, ಮೌನೇಶ ಸರ್ ಕ್ಲಾಸಿನ್ಯಾಗ ನಿಮ್ಮದ ಪಾಠ ನಡದೈತಿ. 'ನಾ ಬ್ಯಾಡ ಅಂದ್ರೂ ಆ ಯಜಮಾನ ಎರಡು ಇ ಬರಸಿದ' ಅಂತ ಸರ್ ಹೇಳ್ತಾರ," ಎಂದಾಗ ಅವನ ಮೈ ಉರಿಯಿತು. ನಾಲ್ಕು ಮಂದಿಯ ಎದುರೇ ಆ ಸರ್‌ನ ಮಾನ ಕಳೆಯಬೇಕೆಂದು ದಡದಡ ಮೆಟ್ಟಿಲೇರಿ, ಕ್ಲಾಸಿನ ಬಾಗಿಲನ್ನು ದೂಡಿದ.

ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ಇಳಿಮಧ್ಯಾಹ್ನದ ಆ ಹೊತ್ತಿನಲ್ಲಿ ಎಲ್ಲರೂ ಒಕ್ಕೊರಲಿನಿಂದ, "ಗುಡ್ ಮಾರ್ನಿಂಗ್ ಸರ್!" ಎಂದರು.

ಹುಟ್ಟಿದಾಗಿನಿಂದ ಅಂದಾನೆಪ್ಪನಿಗೆ ಯಾರೂ ಹಾಗೆ ಎದ್ದು ನಿಂತು ಸರ್ ಎಂದಿರಲಿಲ್ಲ. ತಂದಿದ್ದ ಬೈಗುಳ ಮರೆತೇಹೋಯಿತು. ರುಮಾಲು ಸರಿಮಾಡಿಕೊಂಡು, "ಕುಂದರ್ರಿ, ಕುಂದರ್ರಿ," ಎಂದು ಗಂಭೀರವಾಗಿ ಕೈ ಆಡಿಸಿ, ಮೌನೇಶ ಎಳೆದುಕೊಟ್ಟ ಕುರ್ಚಿಯ ಮೇಲೆ ತಾನೂ ಕುಳಿತ.