ಕೊಯ್ಯದೆ ಬಿಟ್ಟ ಅಂಚು

ಚಿಕ್ಕಪ್ಪ ಬೀಸಲು ಎತ್ತಿದ ಕುಡುಗೋಲನ್ನು ಅಣ್ಣನ ಮಗಳು ಅರ್ಧದಲ್ಲೇ ತಡೆದಳು.

"ಕೈ ಬಿಡಮ್ಮ. ಇನ್ನರ್ಧ ಗಂಟೇಲಿ ನಿಮ್ಮಪ್ಪನ್ನ ಹೊತ್ಕೊಂಡು ಬರ್ತಾರೆ. ಸೊಂಟದೆತ್ತರ ಹುಲ್ಲಲ್ಲಿ ತಡವರಿಸ್ಕೊಂಡು ಹೋಗೋದಾ? ಅಣ್ಣನಿಗೆ ಕೊನೇ ದಾರಿನಾದ್ರೂ ಚೆಂದ ಮಾಡ್ತೀನಿ."

"ಸ್ವಲ್ಪ ಸುಮ್ನಿರಿ ಚಿಕ್ಕಪ್ಪ. ಕೇಳಿಸ್ತಾ?"

ಹುಲ್ಲಿನೊಳಗಿಂದ ಸಣ್ಣ ಸಿಳ್ಳೆಯೊಂದು ಏರಿತು, ಇಳಿಯಿತು, ಮತ್ತೆ ಏರಿತು. ಎಷ್ಟೋ ವರ್ಷದಿಂದ ಈ ಹಾಡನ್ನು ಮಗಳು ಅಪ್ಪನ ತುಟಿಯಿಂದ ಮಾತ್ರ ಕೇಳಿದ್ದಳು.

*

ಹನ್ನೊಂದು ವರ್ಷದ ಹಿಂದೆ ಅಪ್ಪನೂ ಎಲ್ಲರಂತೆ ಅಂಚಿನಿಂದ ಸುತ್ತುತ್ತಾ ನಡುವಿನವರೆಗೆ ಯಂತ್ರದಿಂದ ಹುಲ್ಲು ಕೊಯ್ದಿದ್ದ. ನಡುವೆ ಸಿಕ್ಕಿಬಿದ್ದ ಗುಡ್ಡದ ಹಾಡುಹಕ್ಕಿಯ ನಾಲ್ಕು ಮರಿ ಯಂತ್ರದ ಬಾಯಿಗೆ ಹೋದವು. ಎರಡು ದಿನ ಅವನು ಊಟ ಮಾಡಲಿಲ್ಲ. ಆಮೇಲೆ ಆ ಹಕ್ಕಿ ಗುಡ್ಡದಲ್ಲಿ ಕಾಣಿಸಲೇ ಇಲ್ಲ.

ಮರುವರ್ಷದಿಂದ ಅವನು ಹಕ್ಕಿಗಳು ಹೊರಗೋಡಲೆಂದು ನಡುವಿನಿಂದ ಅಂಚಿಗೆ ಕೊಯ್ದ. ಮೇಲಿನ ಅಂಚನ್ನಂತೂ ಮರಿಗಳು ಹಾರುವ ಕಾಲ ಮುಗಿಯುವ ತನಕ ಮುಟ್ಟಲಿಲ್ಲ. ಅಲ್ಲಿ ಹೂಗಿಡ ಬಿತ್ತಿದ. ಊರು ಅವನಿಗೆ 'ಹುಲ್ಲಪ್ಪ' ಎಂದು ಹೆಸರಿಟ್ಟಿತು.

"ಬಾರದ ನೆಂಟರಿಗೆ ಹಾಸಿಗೆ ಹಾಸ್ತೀಯಲ್ಲಣ್ಣ," ಎಂದು ತಮ್ಮ ನಗುತ್ತಿದ್ದ.

"ಹಾಸಿಗೇನೇ ಇಲ್ದಿದ್ರೆ ಯಾವ ನೆಂಟ ಬರ್ತಾನೋ?" ಎಂದು ಅಪ್ಪ ಹಕ್ಕಿಯ ಹಾಗೆ ಸಿಳ್ಳೆ ಹಾಕುತ್ತಿದ್ದ.

*

ಮಗಳು ಹುಲ್ಲನ್ನು ಬೆರಳಿನಿಂದ ಸರಿಸಿದಳು. ಕುಡುಗೋಲಿನಿಂದ ಎರಡು ಗೇಣು ದೂರದಲ್ಲಿ ಗೂಡು. ಅದರ ತುಂಬ ತೆರೆದ ಬಾಯಿಗಳು, ಐದು.

ಚಿಕ್ಕಪ್ಪ ಕುಡುಗೋಲನ್ನು ಹಿಂದಕ್ಕೆಳೆದು ಕೆಳಗಿಟ್ಟ. "ನನ್ನ ಕೈಗಿಷ್ಟು ಬೆಂಕಿ ಬೀಳ. ಏನ್ ಮಾಡೋಕೆ ಹೊರಟಿದ್ದೆ ನಾನು." ಆಮೇಲೆ ಮೆಲ್ಲಗೆ ಕೇಳಿದ, "ಅಣ್ಣ ಹಾಸಿಗೆ ಹಿಡಿದು ಮಲಗಿದ್ದಾಗ್ಲೇ ಇದು ಬಂದಿತ್ತು ಅಲ್ವಾ?"

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಲಂಗ ಎತ್ತಿಕಟ್ಟಿ ಇಳಿಜಾರಿನಲ್ಲಿ ಓಡಿದಳು. ಮನೆಯ ಮುಂದೆ ಶವಪೆಟ್ಟಿಗೆಯನ್ನು ಆಗಷ್ಟೇ ಹೆಗಲಿಗೆ ಏರಿಸಿದ್ದರು. "ಬಂದಿದೆ, ಅಪ್ಪನ ಹಕ್ಕಿ ಬಂದಿದೆ. ಐದು ಮರಿ. ಆ ಕಡೆಯಿಂದ ಹೋಗ್ಬೇಡಿ." ಅಳುತ್ತಾ ಕೂತಿದ್ದವರೂ ಎದ್ದು ನಿಂತರು.

"ಸ್ಮಶಾನಕ್ಕೆ ಸುತ್ತಿನ ಕಲ್ಲುದಾರೀಲಿ ಮೂರು ಪಟ್ಟು ದೂರ ಕಣಮ್ಮ," ಎಂದ ಹೊತ್ತವರಲ್ಲೊಬ್ಬ.

"ಹುಲ್ಲಪ್ಪನಿಗೆ ಈಗೇನವಸರ? ನಡೀರಿ," ಎಂದ ಹಿಂದಿದ್ದ ಕಮ್ಮಾರ. ಎಲ್ಲರೂ ನಕ್ಕುಬಿಟ್ಟರು.

ಕಲ್ಲುದಾರಿ ಆ ಹುಲ್ಲಿನ ಅಂಚಿನ ಪಕ್ಕ ಹಾಯುವ ತಿರುವಿನಲ್ಲಿ ಚಿಕ್ಕಪ್ಪ ಕೈ ಎತ್ತಿ ಅವರನ್ನು ತಡೆದ. ಬೇಲಿಕಂಬದ ಮೇಲೆ ಹಕ್ಕಿ ಕೂತಿತ್ತು, ಕೊಕ್ಕಿನಲ್ಲಿ ಹುಳ. ಜನರನ್ನು ನೋಡಿ ಗೂಡಿಗೆ ಇಳಿಯಲು ಹೆದರುತ್ತಿತ್ತು.

"ಯಾರೂ ಅಲ್ಲಾಡ್ಬೇಡಿ," ಎಂದು ಚಿಕ್ಕಪ್ಪ ಪಿಸುಗುಟ್ಟಿದ.

ನಾಲ್ವರೂ ಭಾರ ಹೊತ್ತು ಹಾಗೇ ನಿಂತರು. ಬೆವರು ಕಣ್ಣಿಗಿಳಿದರೂ ಯಾರೂ ಒರೆಸಿಕೊಳ್ಳಲಿಲ್ಲ. ಹಕ್ಕಿ ಹುಲ್ಲಿಗೆ ಇಳಿಯಿತು. ಮತ್ತೆ ಕಂಬಕ್ಕೆ ಬಂದಾಗ ಅದರ ಕೊಕ್ಕು ಖಾಲಿಯಾಗಿತ್ತು.