ದೋಣಿಗೆ ನೀರು

ರಿಬ್ಬನ್ ಕೈಗೆ ಹರಿಯಲಿಲ್ಲ. ಮಗಳು ಹಲ್ಲಿನಿಂದ ಕಚ್ಚಿ ಎಳೆದಳು. 'ಜಂಟಿ ನದಿ ನಿಧಿ, ಕೃತಜ್ಞತೆಯೊಂದಿಗೆ' ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚಾಗಿದ್ದ ಪಟ್ಟಿ ಕೃತಜ್ಞತೆಯ ನಡುವೆ ತುಂಡಾಯಿತು. ಹೂವಿನ ಚಕ್ರವನ್ನು ಅಪ್ಪನ ಪೆಟ್ಟಿಗೆಯ ಮೇಲಿಟ್ಟು, ರಿಬ್ಬನ್ನಿನ ಚೂರುಗಳನ್ನು ತಂದವರ ಅಂಗೈಗೇ ವಾಪಸ್ಸು ಕೊಟ್ಟಳು.

"ಹೂವು ಇರಲಿ ಸಾರ್. ಹೂವಿಗೇನು ಗೊತ್ತು ಪಾಪ. ಇದನ್ನ ನೀವೇ ಇಟ್ಕೊಳ್ಳಿ."

ನಿಧಿಯ ಸಂಯೋಜಕರು ಚೂರುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿಕೊಂಡರು. ಅಪ್ಪನ ತಂಗಿ, ಅಂದರೆ ಅತ್ತೆ, ಮಗಳ ತೋಳು ಹಿಡಿದು ಎಳೆದಳು.

"ಸುಮ್ನಿರೇ. ಸಾವಿನ ಮನೆಗೆ ಬಂದೋರ ಮೇಲೆ ಹೀಗಾ ಎಗರೋದು? ಅಷ್ಟು ದೂರದಿಂದ ಕಾರು ಮಾಡ್ಕೊಂಡು ಬಂದಿದಾರೆ."

"ಕಾರು ಯಾರು ಕೇಳಿದ್ರು ಅತ್ತೆ? ನಾನು ಕೇಳಿದ್ದು ದೋಣಿ."

ಬೆಳಗಿನಿಂದ ಅವಳು ಕೇಳುತ್ತಿದ್ದುದು ಅದೊಂದನ್ನೇ. ಅಮ್ಮ ಆಚೆ ದಡದವಳು. ತವರಿಗೆ ಹೋದಾಗ ಸತ್ತು ಅಲ್ಲೇ ಮಣ್ಣಾದವಳು. ಅವಳ ಪಕ್ಕದಲ್ಲಿ ನನಗೊಂದು ಆಳುದ್ದ ಜಾಗ ಬಿಡಿ ಎಂದು ಅಪ್ಪ ಅವತ್ತೇ ಹೇಳಿಟ್ಟಿದ್ದ. ಈಗ ಅಲ್ಲಿ ಸೋದರಮಾವ ಗುಂಡಿ ತೋಡಿಸಿ ಕಾಯುತ್ತಿದ್ದಾನೆ. ಆದರೆ ನಡುವಿನ ನದಿ ಎರಡು ದೇಶಗಳ ಗಡಿ. ಸತ್ತವನು ತಮಗೆ ಗೊತ್ತಿದ್ದ ಮುಖವೆಂದು ಎರಡೂ ಕಡೆಯ ಠಾಣೆಯವರು ಹೆಣ ದಾಟಿಸಲು ಒಪ್ಪಿದ್ದರು, ಇವತ್ತು ಮಾತ್ರ, ಹೊತ್ತು ಮುಳುಗುವವರೆಗೆ. ದೋಣಿ ಮಾತ್ರ ಎರಡೂ ಕಡೆ ನೋಂದಣಿಯಾದದ್ದೇ ಆಗಬೇಕು. ಅಂಥದ್ದು ಇಡೀ ನದಿಗೆ ಒಂದೇ ಇತ್ತು. ಅಪ್ಪ ನಡೆಸುತ್ತಿದ್ದದ್ದು. ನಿಧಿಯ ಆಸ್ತಿ. ದಡದ ಮೇಲಿನ ಶೆಡ್ಡಿನಲ್ಲಿ ಬೀಗದ ಹಿಂದೆ ಬಿದ್ದಿತ್ತು.

"ನನ್ನ ಕೈಲಿ ಏನಿದೆ ಹೇಳಮ್ಮ," ಸಂಯೋಜಕರು ದನಿ ತಗ್ಗಿಸಿದರು. "ಮೊದಲ ಹಂತ ಮುಗೀತು. ಎರಡನೇ ಹಂತಕ್ಕೆ ಹಣ ಕೊಡೋ ದೇಶಗಳು ಇನ್ನೂ ಮನಸ್ಸು ಮಾಡಿಲ್ಲ. ಅಲ್ಲೀವರೆಗೂ ದೋಣಿ ಈ ಕಡೆಯದ್ದೂ ಅಲ್ಲ, ಆ ಕಡೆಯದ್ದೂ ಅಲ್ಲ. ಜಂಟಿ ಸಮಿತಿ ಕೂತು ತೀರ್ಮಾನ ಮಾಡ್ಬೇಕು."

"ಯಾವಾಗ ಕೂರ್ತಾರೆ?"

"ಕೂರೋದಕ್ಕೂ ಹಣ ಬೇಕಲ್ಲಮ್ಮ."

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದು, ಅದನ್ನು ಕೆಮ್ಮಿಗೆ ತಿರುಗಿಸಿದರು.

"ನಮ್ಮಪ್ಪನಿಗೆ ಹೊತ್ತು ಮುಳುಗೋವರೆಗೆ ಮಾತ್ರ ಪುರುಸೊತ್ತು ಸಾರ್."

"ಅದೂ ಅಲ್ದೆ, ಆ ದೋಣಿ ಬಳಕೆಗೆ ಯೋಗ್ಯವಲ್ಲ ಅಂತ ತಪಾಸಣೆಯವರು ಬರೆದಾಗಿದೆ. ಮರದ ದೋಣಿ. ವರ್ಷಗಟ್ಟಲೆ ನದಿ ಕಾಣದೆ ಬಿದ್ದಿದ್ರೆ ಹಲಗೆಗಳು ಒಣಗಿ ಬಾಯಿ ಬಿಟ್ಟಿರ್ತವೆ."

"ಅವರು ಬಾಗಿಲು ತೆಗೆಸಿ ನೋಡಿದ್ರಾ?"

"ಹೊರಗಿನಿಂದ ನೋಡಿದ್ರು."

ಮಗಳು ಅವರನ್ನು ಬಿಟ್ಟು ಗೇಟಿನ ಕಡೆ ತಿರುಗಿದಳು. ಶೆಡ್ಡಿನ ಕಾವಲುಗಾರ ಅಲ್ಲಿ ಕಂಬಕ್ಕೊರಗಿ ನಿಂತಿದ್ದ. ಸೊಂಟದಲ್ಲಿ ಸದಾ ಕೀಲಿಗೊಂಚಲು ತೂಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಬೀಗಪ್ಪ. ಇಂಥ ಸೆಕೆಯಲ್ಲೂ ಎರಡೂ ಕೈಗಳನ್ನು ಹಳೇ ಕೋಟಿನ ಜೇಬಿನಲ್ಲಿ ಹುಗಿದುಕೊಂಡಿದ್ದ.

"ಬೀಗಪ್ಪಣ್ಣ, ನೀನಾದ್ರೂ ಕೀಲಿ ಕೊಡು."

ಅವನು ಸಂಯೋಜಕರನ್ನೊಮ್ಮೆ ನೋಡಿ ನೆಲ ನೋಡಿದ. "ಆಮೇಲೆ ನೋಡೋಣ ತಾಯಿ."

"ಆಮೇಲೆ ಅಂದ್ರೆ ಯಾವಾಗ? ನಿನಗೆ ಸಂಬಳ ಕೊಡೋದು ಬಿಟ್ಟು ಯಾವ ಕಾಲ ಆಯ್ತು! ಇನ್ನೂ ಅವರ ಮುಂದೆ ಬಾಲ ಅಲ್ಲಾಡಿಸ್ತೀಯಲ್ಲ. ಅಪ್ಪನ ಜೊತೆ ಒಂದೇ ಸಿಗರೇಟು ಹಂಚ್ಕೊಂಡು ಸೇದಿದ ಬಾಯಿ ಅದು. ಥೂ."

ಬೀಗಪ್ಪ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

*

ಹಣ ಹರಿಯುತ್ತಿದ್ದ ಕಾಲದಲ್ಲಿ ನದಿಯ ನಟ್ಟನಡುವೆ ಒಂದು ಜಾಗವಿತ್ತು. ಈ ದಡದ ಪರೀಕ್ಷಕ, ಆ ದಡದ ಪರೀಕ್ಷಕಿ ಅಪ್ಪನ ದೋಣಿಯಲ್ಲಿ ಎದುರುಬದುರು ಕೂತು ಅಲ್ಲಿಗೆ ಹೋಗುತ್ತಿದ್ದರು. ಒಂದೇ ಪಾತ್ರೆಯಲ್ಲಿ ನೀರೆತ್ತಿ ಎರಡು ಬಾಟಲಿಗೆ ತುಂಬುವುದು, ಒಬ್ಬರ ಬಾಟಲಿಗೆ ಇನ್ನೊಬ್ಬರು ಮೊಹರು ಹಾಕುವುದು. ಅದಕ್ಕೆ ಮೊದಲು ನೀರಿನ ಬಣ್ಣ ಬದಲಾದಾಗಲೆಲ್ಲ ಈ ದೇಶ ಆ ದೇಶದ ಬಣ್ಣದ ಕಾರ್ಖಾನೆಗಳನ್ನು ತೋರಿಸುತ್ತಿತ್ತು, ಆ ದೇಶ ಈ ದೇಶದವನ್ನು. ಎರಡು ಬಾಟಲಿಯೂ ಒಂದೇ ಮಾತು ಹೇಳತೊಡಗಿದ ಮೇಲೆ ಯಾರಿಗೂ ಬೆರಳು ತೋರಿಸಲು ಜಾಗ ಉಳಿಯಲಿಲ್ಲ.

ದೋಣಿ ಮಾತ್ರ ಅಲುಗಾಡದೆ ನಡುವೆಯೇ ನಿಲ್ಲಬೇಕಿತ್ತು. ಅಪ್ಪ ಬಿದಿರಿನ ಗಳುವನ್ನು ತಳಕ್ಕೆ ಊರಿ, ಎದೆಗೆ ಆನಿಸಿಕೊಂಡು ನಿಲ್ಲುತ್ತಿದ್ದ.

"ಅಣ್ಣಾ, ಸ್ವಲ್ಪ ನಿಮ್ಮ ಕಡೆಗೇ ವಾಲ್ತಿದೆ ನೋಡಿ," ಎಂದು ಪರೀಕ್ಷಕಿ ರೇಗಿಸುವಳು.

"ಹೆಂಡತಿ ಆ ಕಡೆಯೋಳು, ಮಗಳು ಈ ಕಡೆಯೋಳು. ನಾನು ಎತ್ತ ವಾಲಿದ್ರೂ ಮನೇಲಿ ಊಟ ಇಲ್ಲ ಕಣಮ್ಮ."

ಹಣ ಕೊಡುವ ದೂರದ ದೇಶಗಳಿಂದ ಜನ ಬಂದರು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತು, ಗಳು ಹಿಡಿದ ಅಪ್ಪನ ಕೈಗಳ ಫೋಟೋ ತೆಗೆದುಕೊಂಡು ಹೋದರು. ಆ ಕೈಗಳು ಯಾವುದೋ ಸಮ್ಮೇಳನದ ಸಭಾಂಗಣದಲ್ಲಿ ಗೋಡೆಯಗಲ ನಿಂತವಂತೆ. ಅಷ್ಟರಲ್ಲಿ ಕಾರ್ಖಾನೆಗಳು ನೀರು ಶುದ್ಧ ಮಾಡುವ ಯಂತ್ರ ಕೂರಿಸಿದ್ದವು. ನೀರಿನೊಳಗೆ ಗಳುವಿನ ತುದಿ ಕಂಡ ದಿನ ಅಪ್ಪ ಅಮ್ಮನನ್ನು ಕರೆದೊಯ್ದು ತೋರಿಸಿದ್ದ, ಚಿನ್ನದಂಗಡಿಯ ಕಿಟಕಿ ತೋರಿಸುವವನ ಹಾಗೆ.

ಆಮೇಲೆ ಆ ದೂರದ ದೇಶಗಳಲ್ಲಿ ಸರ್ಕಾರಗಳು ಬದಲಾದವು. ಅವರಿಗೆ ಬೇರೆ ಚಿಂತೆಗಳು ಬಂದವು. ಪರೀಕ್ಷಕರು ಬರುವುದು ನಿಂತಿತು. ದೋಣಿಯನ್ನು ತಾತ್ಕಾಲಿಕವಾಗಿ ಎಂದು ಹೇಳಿ ದಡಕ್ಕೆಳೆದರು. ಕೇಳುವವರಿಲ್ಲವೆಂದು ಗೊತ್ತಾದೊಡನೆ ಕಾರ್ಖಾನೆಗಳು ಯಂತ್ರ ಆರಿಸಿದವು. ವಿದ್ಯುತ್ತಿನ ಖರ್ಚು ಉಳಿಯಿತಲ್ಲ. ನದಿ ಮತ್ತೆ ನೀಲಿಯಾಯಿತು. ಆಕಾಶದ ನೀಲಿಯಲ್ಲ, ಒಗೆದ ಹೊಸ ಬಟ್ಟೆ ಬಿಡುವ ನೀಲಿ. ಎರಡೂ ದೇಶಗಳು ಮತ್ತೆ ಬೆರಳು ತೋರಿಸತೊಡಗಿದವು.

*

ಮಧ್ಯಾಹ್ನ ಕಳೆದ ಮೇಲೆ ಪೆಟ್ಟಿಗೆಯನ್ನು ಹೊತ್ತು ನದಿಯ ಕಡೆ ನಡೆದರು. ಮಗಳ ಹೆಗಲ ಮೇಲೆ ಕಬ್ಬಿಣದ ಹಾರೆ.

"ಬೀಗ ಒಡೆದ್ರೆ ಜೈಲಿಗೆ ಹಾಕ್ತಾರೆ ಕಣೇ," ಎಂದಳು ಅತ್ತೆ.

"ಹಾಕ್ಲಿ. ಆಸ್ಪತ್ರೆ ಬಟ್ಟೆ ಒಗೆದೂ ಒಗೆದೂ ಸಾಕಾಗಿದೆ, ಅಲ್ಲಿ ಯಾರೋ ಒಗೆದಿದ್ದು ಉಡಬಹುದು."

"ಒಡೆದು ತಾನೇ ಏನು ಮಾಡ್ತೀ? ದೋಣಿ ಸೀಳಿಹೋಗಿದ್ರೆ?"

ಮಗಳ ಹೆಜ್ಜೆ ಒಂದು ಕ್ಷಣ ತಡೆಯಿತು. ಬೆಳಗಿನಿಂದ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದುದು ಅದೇ. ದೋಣಿ ಸೀಳಿಹೋಗಿದ್ದರೆ ಅದಕ್ಕೆ ನಿಧಿಯವರ ಜೊತೆ ಅವಳೂ ಪಾಲುದಾರಳು.

*

ದೋಣಿಯನ್ನು ದಡಕ್ಕೆಳೆದ ಮೇಲೆ ಅಪ್ಪ ದಿನಾ ಸಂಜೆ ಬಕೆಟ್ ಹಿಡಿದು ನದಿಗಿಳಿಯುತ್ತಿದ್ದ. ನೀರು ತುಂಬಿಕೊಂಡು, ಏರು ಹತ್ತಿ, ಶೆಡ್ಡಿನೊಳಗೆ ಹೋಗಿ ದೋಣಿಗೆ ಸುರಿದು ಬರುತ್ತಿದ್ದ. ಒಳಗೆ ನೀರು ನಿಂತಿದ್ದರೆ ಹಲಗೆ ಊದಿಕೊಂಡು ಸಂದು ಬಿಡುವುದಿಲ್ಲ. ನೀರಲ್ಲಿ ದೋಣಿ ನೋಡಿದ್ದೆವು, ದೋಣಿಯಲ್ಲಿ ನೀರು ಇಲ್ಲೇ ನೋಡಿದ್ದು ಎಂದು ಬೀದಿಯವರು ನಗುತ್ತಿದ್ದರು.

ಮಗಳಿಗೆ ನಗು ಬರುತ್ತಿರಲಿಲ್ಲ. ಅಪ್ಪನ ಬೆರಳ ಸಂದುಗಳಲ್ಲಿ ಹುಣ್ಣುಗಳು ಬಾಯ್ದೆರೆದಿದ್ದವು. ಆ ನೀರು ಮುಟ್ಟಲೇಬೇಡಿ ಎಂದು ಡಾಕ್ಟರು ಬೈದು ಕಳಿಸಿದ್ದರು. ಒಂದು ಸಂಜೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಸೊಂಟ ಬಿದ್ದುಹೋಗಿ ಅವಳು ಮನೆಗೆ ಬಂದಾಗ, ಅಪ್ಪ ತುಂಬಿದ ಬಕೆಟ್ಟನ್ನು ಅಂಗಳದಲ್ಲಿಳಿಸಿ ದಣಿವಾರಿಸಿಕೊಳ್ಳುತ್ತಿದ್ದ.

"ಅವರು ನಿನ್ನನ್ನ ಕೈ ಒರೆಸಿದ ಕಾಗದದ ಹಾಗೆ ಬಿಸಾಕಿದ್ರು ಅಪ್ಪ. ಅವರ ದೋಣಿಗೆ ನೀರು ಹೊರ್ತೀಯಲ್ಲ, ನಾಚಿಕೆ ಆಗಲ್ವಾ?"

"ನಾಳೆ ಹಣ ಕೊಡೋರು ಬರ್ತಾರೆ ಅಂತಿಟ್ಕೋ. ದೋಣಿ ಒಡೆದಿದ್ರೆ, ಅಯ್ಯೋ ದೋಣೀನೇ ಇಲ್ವಲ್ಲ ಅಂತ ಕೈ ತೊಳ್ಕೊಂಡು ಹೋಗ್ತಾರೆ. ಆ ನೆಪ ನಾನ್ಯಾಕೆ ಕೊಡ್ಲಿ?"

"ಬರಲ್ಲ ಅವರು!"

"ಬರದಿದ್ರೆ ಬೇಡ. ನೆಪ ಅಂತೂ ನಮ್ಮ ಕಡೆಯಿಂದ ಹೋಗಲ್ಲ."

ಅವಳು ಬಕೆಟ್ಟಿಗೆ ಒದ್ದಳು. ಅದು ಉರುಳಿ ಮೆಟ್ಟಿಲಿಗೆ ಬಡಿದು ನೆಗ್ಗಿತು. ಅಂಗಳವೆಲ್ಲ ನೀಲಿ. ಅಪ್ಪ ಬಕೆಟ್ಟನ್ನೆತ್ತಿ, ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಏಳಲಿಲ್ಲ.

"ಆಯ್ತು ಬಿಡು. ಇನ್ನು ಹೋಗಲ್ಲ," ಎಂದ.

ಬೇಸಿಗೆ ಶುರುವಾಗುವ ಹೊತ್ತಿಗೆ ಅವನು ಹಾಸಿಗೆ ಹಿಡಿದ. ಬಕೆಟ್ ಅಂಗಳದಿಂದ ಕಾಣೆಯಾಗಿತ್ತು. ಪೀಡೆ ತೊಲಗಿತು ಎಂದುಕೊಂಡಿದ್ದಳು.

*

ಶೆಡ್ಡಿನ ಮುಂದೆ ಇಳಿಜಾರಿನ ಮೇಲೆ ಪೆಟ್ಟಿಗೆ ಇಳಿಸಿದರು. ಹೊತ್ತು ಇಳಿಯುತ್ತಿತ್ತು. ಆಚೆ ದಡದಲ್ಲಿ ಸೋದರಮಾವ ಬಿಳಿ ಬಟ್ಟೆಯೊಂದನ್ನು ಬೀಸುತ್ತಿದ್ದ. ಸಂಯೋಜಕರೂ ಹಿಂದೆಯೇ ಬಂದಿದ್ದರು. ಸಾವಿನ ಮನೆಯಿಂದ ನಡುವೆ ಎದ್ದು ಹೋದರೆ ಚೆನ್ನಾಗಿರದು ಎಂದೋ, ಬೀಗ ಉಳಿಯುತ್ತದೋ ಇಲ್ಲವೋ ಎಂದೋ.

ಮಗಳು ಹಾರೆ ಎತ್ತಿದಳು. ಬೀಗಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಒಡೀಬೇಡ ತಾಯಿ."

"ಸರಿ ಆಚೆ. ನಾಯಿ ಹಾಗೆ ಕಾಯ್ದಿದ್ದು ಸಾಕು."

"ಒಡೆದ್ರೆ ಹೊಸ ಬೀಗ ನಾನೇ ತರ್ಬೇಕಾಗತ್ತೆ. ಸಾಹೇಬ್ರು ಹೋಗ್ಲಿ, ಆಮೇಲೆ ತೆಗೆಯೋಣ ಅಂತ ಬೆಳಗಿಂದ ಕಾಯ್ತಿದೀನಿ. ಹೋಗೋ ಲಕ್ಷಣ ಕಾಣಲ್ಲ." ಜೇಬಿನಿಂದ ಕೈ ತೆಗೆದು ಕೀಲಿ ತಿರುಗಿಸಿದ.

"ಏಯ್, ಆದೇಶ ಇಲ್ದೆ..." ಸಂಯೋಜಕರು ಓಡಿ ಬಂದರು. "ಒಡಕು ದೋಣೀಲಿ ಹೆಣ ಮುಳುಗಿದ್ರೆ ನಾಳೆ ಎರಡೂ ಸರ್ಕಾರಕ್ಕೆ ಉತ್ತರ ಕೊಡೋನು ನಾನು!"

ಬೀಗಪ್ಪ ಒಳಹೊಕ್ಕು ದೋಣಿಗೆ ಹೊದಿಸಿದ್ದ ಟಾರ್ಪಾಲನ್ನು ಎಳೆದ.

ದೋಣಿ ಅಂಚಿನವರೆಗೆ ನೀರಿನಿಂದ ತುಂಬಿ ನಿಂತಿತ್ತು. ಬಾಗಿಲ ಬೆಳಕು ಅದರ ಮೇಲೆ ಬಿದ್ದು ಸೂರಿನಲ್ಲಿ ಆಡಿತು. ಗೋಡೆಯ ಮೊಳೆಯಲ್ಲಿ ಬಕೆಟ್ ತೂಗುತ್ತಿತ್ತು. ಆ ನೆಗ್ಗನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು.

"ಬೇಸಿಗೆ ಪೂರ್ತಿ ಅಪ್ಪ ಹಾಸಿಗೇಲಿದ್ದ," ಎಂದಳು. "ಯಾರು ತುಂಬಿಸಿದ್ದು?"

"ಇನ್ಯಾರು? ಒಂದಿನ ತಪ್ಪಿಸಿದ್ರೂ ಮಲಗಿದಲ್ಲೇ ಬೈಯೋನು. ನಾನು ನೋಡೋಕೆ ಬಂದಾಗ ಮೊದಲು ಕೈ ತೋರ್ಸು ಅನ್ನೋನು." ಬೀಗಪ್ಪ ಅಂಗೈಗಳನ್ನು ಚಾಚಿದ. ಬೆಳಗಿನಿಂದ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕೈಗಳು ಮಣಿಕಟ್ಟಿನವರೆಗೆ ನೀಲಿಯಾಗಿದ್ದವು. ಬೆರಳ ಸಂದುಗಳು ಬಿರಿದಿದ್ದವು. "ನಿನಗೆ ಹೇಳ್ಬೇಡ ಅಂದಿದ್ದ. ಒದೀತಾಳೆ ಅಂತ."

ಅವಳು ಕುಕ್ಕರಗಾಲಲ್ಲಿ ಕೂತು ದೋಣಿಯ ಅಡಿಗೆ ಕೈ ತೂರಿಸಿದಳು. ತಳದ ಉದ್ದಕ್ಕೂ ಸವರಿದಳು. ಅಡಿಯ ಧೂಳಿನಲ್ಲಿ ಬೀದಿನಾಯಿಯೊಂದು ಸುರುಳಿ ಸುತ್ತಿ ಮಲಗಿತ್ತು, ಅದರ ಮೈಮೇಲೂ ಧೂಳೇ. ಹೊರಗೆ ತೆಗೆದ ಅವಳ ಬೆರಳಿಗೆ ಅಂಟಿದ್ದು ಒಣ ಮಣ್ಣು.

"ಅದ್ಭುತ!" ಬಾಗಿಲಲ್ಲಿ ನಿಂತಿದ್ದ ಸಂಯೋಜಕರ ಕೈಗೆ ಆಗಲೇ ಫೋನ್ ಬಂದಿತ್ತು. "ಹಾಗೇ ಕೂತಿರಮ್ಮ, ಆ ಕೈ ಸ್ವಲ್ಪ ಮೇಲೆತ್ತು. ನೀನೂ ಬಾರಪ್ಪ, ಕೈ ತೋರ್ಸು. ಹಣ ಕೊಡೋರ ಮುಂದೆ ಇದೊಂದು ಫೋಟೋ ಇಟ್ರೆ ಎರಡನೇ ಹಂತ..."

ಮಗಳು ಎದ್ದಳು. ಮೊಳೆಯಿಂದ ಬಕೆಟ್ ತೆಗೆದು, ದೋಣಿಯಲ್ಲಿ ಮುಳುಗಿಸಿ, ಬಾಗಿಲ ಕಡೆಗೆ ಎರಚಿದಳು. ಸಂಯೋಜಕರ ಕೋಟು, ಟೈ, ಜೇಬಿನಿಂದ ಇಣುಕುತ್ತಿದ್ದ ಬಂಗಾರದ ಅಕ್ಷರಗಳು ಎಲ್ಲ ನೀಲಿಯಾದವು. ಅವಳು ಮತ್ತೆ ತುಂಬಿದಳು, ಮತ್ತೆ ಎರಚಿದಳು.

"ಬಾಗಿಲಲ್ಲಿ ನಿಲ್ಬೇಡಿ ಸಾರ್," ಎಂದಳು ಅತ್ತೆ, ಮೂಲೆಯಲ್ಲಿದ್ದ ಡಬ್ಬಿಯನ್ನು ಕೈಗೆತ್ತಿಕೊಳ್ಳುತ್ತ. "ನೀರು ಹೋಗೋ ದಾರಿ ಅದು."

ಬೀಗಪ್ಪ ಬೊಗಸೆಯಲ್ಲೇ ಮೊಗೆಯತೊಡಗಿದ. ಅಪ್ಪನೂ ಅವನೂ ಸಂಜೆಗೊಂದಿಷ್ಟರಂತೆ ಏರು ಹತ್ತಿಸಿದ್ದ ನೀರು ಹೊಸ್ತಿಲು ದಾಟಿತು. ಫೋನನ್ನು ತಲೆಯ ಮೇಲೆತ್ತಿ ಹಿಡಿದ ಮನುಷ್ಯನ ಬೂಟುಗಳ ನಡುವೆ ನುಗ್ಗಿತು. ಇಳಿಜಾರಿನಲ್ಲಿ ದಾರಿ ಹುಡುಕಿಕೊಂಡು, ಪೆಟ್ಟಿಗೆಯ ಒಂದು ಮೂಲೆಯನ್ನು ತೋಯಿಸಿ, ಎಲ್ಲರಿಗಿಂತ ಮುಂಚೆ ನದಿಗಿಳಿಯಿತು.